ಬಟ್ಟಿ ಮಹಾದೇವಕ್ಕ ಮಾತು ಹಿಂತೆಗೆದುಕೊಂಡ ದಿನ

ಯಲವಿಗಿಯಲ್ಲಿ ಯಾರಿಗಾದರೂ ಹೊಟ್ಟೆ ನೋವು ಬಂತೆಂದರೆ ಮಂದಿ ಮೊದಲು ಕೇಳುವುದು, "ಮಹಾದೇವಕ್ಕನ ಕಡೆ ಹೋಗಿದ್ದೇನು?" ಎಂದು. ಆಸ್ಪತ್ರೆಯ ಮಾತು ಆಮೇಲೆ ಬರುತ್ತದೆ, ಬಂದರೆ. ನಾನು ಆಕೆಯ ಪಕ್ಕದ ಮನೆಯವಳು, ಜಯಶ್ರೀ. ಜಂಪರು ಹೊಲಿದು ಹೊಟ್ಟೆ ಹೊರೆಯುತ್ತೇನೆ. ಇಬ್ಬರ ಮನೆಗೂ ಒಂದೇ ನಡುಗೋಡೆ. ಆ ಗೋಡೆಯ ಆಚೆಯಿಂದ "ಯಪ್ಪೋ, ಸಾವಕಾಶ ತಿಕ್ಕರೀ" ಎಂಬ ಕೂಗು ಕೇಳದ ಮುಂಜಾವು ನಾನು ಈ ಊರಿಗೆ ಸೊಸೆಯಾಗಿ ಬಂದಾಗಿನಿಂದ ಅಪರೂಪವಾಗಿತ್ತು.

ಬಟ್ಟಿ ಎಂದರೆ ಗೊತ್ತಿಲ್ಲದವರಿಗೆ ಹೇಳುತ್ತೇನೆ. ಹೊಕ್ಕಳ ಮೇಲೆ ಬೆರಳಿಟ್ಟು ಒತ್ತಿದರೆ ಒಳಗೆ ಏನೋ ಡಬ್ ಡಬ್ ಎಂದು ಬಡಿಯುತ್ತದಲ್ಲ, ಅದೇ ಬಟ್ಟಿ. ಭಾರ ಎತ್ತಿದರೆ, ಬಸ್ಸಿನಿಂದ ಜಿಗಿದರೆ, ತಗ್ಗಿನಲ್ಲಿ ಕಾಲು ತಪ್ಪಿದರೆ ಅದು ಜಾಗ ಬಿಟ್ಟು ಸರಿಯುತ್ತದೆ ಎಂದು ನಮ್ಮ ಕಡೆಯ ನಂಬಿಕೆ. ಸರಿದರೆ ಹೊಟ್ಟೆ ನೋವು, ಊಟ ಸೇರದು, ಕೈಕಾಲಲ್ಲಿ ಬಲವಿಲ್ಲ. ಮಹಾದೇವಕ್ಕ ಬರಿ ಹೊಟ್ಟೆಯವರನ್ನು ಅಂಗಾತ ಮಲಗಿಸಿ, ಎಣ್ಣೆ ಹಚ್ಚಿ ತಿಕ್ಕಿ, ಕಾಲ್ಬೆರಳು ಜಗ್ಗಿ, ಕಡೆಗೆ ಹೊಕ್ಕಳ ಮೇಲೆ ಒಂದು ಪುಟ್ಟ ದೀಪವಿಟ್ಟು ಅದರ ಮೇಲೆ ಚರಿಗೆ, ಅಂದರೆ ತಂಬಿಗೆ, ಬೋರಲು ಹಾಕುತ್ತಿದ್ದಳು. ದೀಪ ಆರಿ ಚರಿಗೆ ಹೊಟ್ಟೆಗೆ ಕಚ್ಚಿಕೊಂಡಿತೋ, ಬಟ್ಟಿ ಕುಂತಿತು ಎಂದು ಅರ್ಥ. "ಏಳವ್ವ, ಹೋಗಿ ಬಿಸಿ ರೊಟ್ಟಿ ಉಣ್ಣು" ಎಂದು ಬೆನ್ನಿಗೆ ಒಂದು ಏಟು ಕೊಟ್ಟು ಕಳಿಸುತ್ತಿದ್ದಳು.

ಈ ವಿದ್ಯೆ ಅವಳಿಗೆ ಅತ್ತೆಯಿಂದ ಬಂದದ್ದು. ಗಂಡ ಗುತ್ತೆಪ್ಪ ರೈಲ್ವೆ ಹಳಿ ಕಾಯುವ ಗ್ಯಾಂಗಿನಲ್ಲಿದ್ದವನು, ತೀರಿ ಬಹಳ ಕಾಲವಾಯಿತು. ಗುಡಗೇರಿ, ಕರಜಗಿ ಕಡೆಯಿಂದ ಪ್ಯಾಸೆಂಜರ್ ಗಾಡಿಯಲ್ಲಿ ಹೊಟ್ಟೆ ಹಿಡಿದುಕೊಂಡು ಇಳಿದವರಿಗೆ ಸ್ಟೇಷನ್ನಿನ ಚಹಾದವನೇ ಆಕೆಯ ಮನೆಯ ದಾರಿ ತೋರಿಸುತ್ತಾನೆ. ಎಲೆ ಅಡಿಕೆ ಬಿಟ್ಟು ಯಾರಿಂದಲೂ ಏನೂ ತೆಗೆದುಕೊಂಡವಳಲ್ಲ. ಸೊಕ್ಕು ಮಾತ್ರ ಇತ್ತು, ಸುಳ್ಳು ಯಾಕೆ ಹೇಳಲಿ. ಡಾಕ್ಟರರನ್ನು "ಸೂಜಿಯವರು" ಎನ್ನುತ್ತಿದ್ದಳು. ಯಾರಾದರೂ ದವಾಖಾನೆಯ ಹೆಸರೆತ್ತಿದರೆ, "ಉಗುರಿಂದ ಹೋಗೂದಕ್ಕ ಕೊಡ್ಲಿ ಯಾಕಬೇ?" ಎಂದು ನಗುತ್ತಿದ್ದಳು.

ನನ್ನನ್ನು ಕೇಳಿದರೆ, ಹೊಟ್ಟೆ ನೋವು ಮುಕ್ಕಾಲು ಪಾಲು ತಾನೇ ಬಂದು ತಾನೇ ಹೋಗುವಂಥದು. ಹೋಗುವಾಗ ಕೀರ್ತಿಯನ್ನು ಹತ್ತಿರ ಕುಂತವರಿಗೆ ಬಿಟ್ಟು ಹೋಗುತ್ತದೆ. ಆದರೆ ಇದು ನನಗೆ ಈಗ ಹೊಳೆಯುತ್ತದೆ. ಆಗ ನಾನೂ ತಿಂಗಳಿಗೊಮ್ಮೆ ಆಕೆಯ ಮುಂದೆ ಅಂಗಾತ ಮಲಗುತ್ತಿದ್ದವಳೇ.

ಹೋದ ವರ್ಷ ಗೋವಿನಜೋಳದ ರಾಶಿ ನಡೆದಿದ್ದ ದಿನಗಳಲ್ಲಿ ಆಕೆಯ ಮೊಮ್ಮಗಳು ಅಂಕಿತಾಗೆ ಹೊಟ್ಟೆ ನೋವು ಬಂತು. ಏಳನೇ ತರಗತಿ ಓದುವ ಹುಡುಗಿ, ಕುಂತಲ್ಲಿ ಕೂರುವವಳಲ್ಲ. ಭಾನುವಾರ ಸಂಜೆ ಓಣಿಯಲ್ಲಿ ಕುಂಟಬಿಲ್ಲೆ ಆಡುತ್ತಿದ್ದವಳು ನಡುವೆಯೇ ಬಿಟ್ಟು ಬಂದು ಮಲಗಿದಳು. ಹೊಕ್ಕಳ ಸುತ್ತ ನೋಯುತ್ತದೆ ಎಂದಳು. ಎಲ್ಲಿ ನೋಯುತ್ತದೆ ನೋಡಿರಿ, ಹೊಕ್ಕಳ ಸುತ್ತ! ಬಟ್ಟಿ ತಿಕ್ಕುವವಳ ಮೊಮ್ಮಗಳಿಗೆ ಹೊಕ್ಕಳ ಸುತ್ತ ನೋವು ಬಂದರೆ ಆ ಮನೆಯಲ್ಲಿ ಬೇರೆ ವಿಚಾರ ಯಾರಿಗೆ ಬಂದೀತು?

ಸೋಮವಾರ ಮುಂಜಾನೆ ಮಹಾದೇವಕ್ಕ ತಿಕ್ಕಿದಳು. ತಿಕ್ಕಿದ ಮೇಲೆ ಹುಡುಗಿ ವಾಂತಿ ಮಾಡಿಕೊಂಡಳು. "ಕೆಟ್ಟದ್ದು ಹೊರಗ ಬಿತ್ತು, ಚೊಲೋ ಆತು" ಎಂದಳು ಅಜ್ಜಿ. ರೊಟ್ಟಿ ಮುರಿದುಕೊಟ್ಟರೆ ಹುಡುಗಿ ಮುಖ ತಿರುವಿದಳು. ಮೈ ಬೆಚ್ಚಗಿತ್ತು. ಕಿರಾಣಿ ಅಂಗಡಿಯಿಂದ ಜ್ವರದ ಗುಳಿಗೆ ತಂದು ನುಂಗಿಸಿದರು, ಜ್ವರ ಇಳಿಯಿತು, ಮತ್ತೆ ಸಂಜೆಗೆ ಏರಿತು. ಮತ್ತೊಂದು ಗುಳಿಗೆ ಬಿತ್ತು.

ಹುಡುಗಿಯ ತಾಯಿ ವಿದ್ಯಾಶ್ರೀಯ ಲೆಕ್ಕಾಚಾರವೇ ಬೇರೆ. ನೋವು ಹೊಕ್ಕಳಿನಿಂದ ಕೆಳಗಿಳಿದಿದೆ ಎಂದು ಮಗಳು ಹೇಳಿದ್ದೇ ತಡ, ನನ್ನ ಕಡೆ ನೋಡಿ ಕಣ್ಣಲ್ಲೇ ನಕ್ಕಳು. "ಅಕ್ಕಾ, ಹುಡುಗಿ ದೊಡ್ಡಾಕಿ ಆಗೂ ಹೊತ್ತು ಬಂದಂಗೈತಿ" ಎಂದು ನನ್ನ ಕಿವಿಯಲ್ಲಿ ಹೇಳಿದಳು. ನಮ್ಮ ಓಣಿಯಲ್ಲಿ ಆ ವಯಸ್ಸಿನ ಹುಡುಗಿಗೆ ಹೊಟ್ಟೆ ನೋವು ಎಂದರೆ ಹೆಂಗಸರ ದನಿ ತಾನಾಗಿಯೇ ತಗ್ಗುತ್ತದೆ, ಗಂಡಸರು ಕೇಳುವುದಿಲ್ಲ, ಕೇಳಿದರೂ ಯಾರೂ ಹೇಳುವುದಿಲ್ಲ. ವಿದ್ಯಾಶ್ರೀ ಆಗಲೇ ದುಂಡಸಿಯ ತವರುಮನೆಗೆ ಫೋನು ಹಚ್ಚಿ, ಸೋದರಮಾವ ಕೊಬ್ಬರಿ, ಬೆಲ್ಲ, ಉತ್ತತ್ತಿ, ಹೊಸ ಸೀರೆ ತಯಾರು ಇಟ್ಟುಕೊಳ್ಳಲಿ ಎಂದು ಸುದ್ದಿ ಮುಟ್ಟಿಸಿದ್ದಳು. ಹುಡುಗಿಯ ಹಣೆ ಕಾದ ಹಂಚಿನಂತಿದ್ದರೂ ಅವಳಿಗೆ ಆರತಿಯದೇ ಚಿಂತೆ.

ಮಂಗಳವಾರ ಮುಂಜಾನೆ ನಾನು ಮಿಷನ್ ತುಳಿಯುತ್ತಿದ್ದೆ. ಗೋಡೆಯ ಆಚೆಯಿಂದ ಅಂಕಿತಾಳ ಕೂಗು ಬಂತು. ತಿಕ್ಕಿಸಿಕೊಳ್ಳುವವರ ಕೂಗು ಎಷ್ಟು ಕೇಳಿದ್ದೇನೆ ನಾನು! ಇದು ಅದಲ್ಲ. ಕಾಲು ಮಿಷನ್ ಮೇಲಿನಿಂದ ತಾನೇ ಇಳಿಯಿತು.

ಹೋಗಿ ನೋಡಿದರೆ ಹುಡುಗಿ ಎರಡೂ ಕೈಯಿಂದ ಅಜ್ಜಿಯ ಕೈ ತಳ್ಳುತ್ತಿದ್ದಾಳೆ. ವಿದ್ಯಾಶ್ರೀ ಅವಳ ಭುಜ ಒತ್ತಿ ಹಿಡಿದಿದ್ದಾಳೆ.

"ಆಯೀ, ಬ್ಯಾಡ, ಮುಟ್ಟಬ್ಯಾಡ, ಬಲಕ್ಕ ನೋಯತೈತಿ!"

"ಬಟ್ಟಿ ಬಲಕ್ಕ ಓಡೈತಿ ಕೂಸ, ಅದಕ್ಕ ಬ್ಯಾನಿ. ನಡಕ್ಕ ತಂದು ಕುಂದರಸ್ತೇನಿ, ಒಂದಗಳಿಗಿ ತಡಕೋ" ಎಂದಳು ಮಹಾದೇವಕ್ಕ. ಬಲಗಡೆ ಕೆಳಹೊಟ್ಟೆಯಲ್ಲಿ ಏನೋ ಗಂಟಿನ ಹಾಗೆ ಆಕೆಯ ಬೆರಳಿಗೆ ಸಿಕ್ಕಿತ್ತು. ಅದನ್ನೇ ಬಟ್ಟಿ ಎಂದುಕೊಂಡು ಎಣ್ಣೆಗೈಯಿಂದ ಹೊಕ್ಕಳ ಕಡೆಗೆ ನೂಕುತ್ತಿದ್ದಳು. ಹುಡುಗಿ ಕೂಗಿ ಕೂಗಿ ದನಿ ಬಿದ್ದುಹೋಯಿತು. ಕಡೆಗೆ ಚರಿಗೆ ಕಚ್ಚಿಕೊಂಡಿತು. ನಿಲ್ಲಿಸು ಎನ್ನಬೇಕೆನಿಸಿತು ನನಗೆ. ಆದರೆ ಮಹಾದೇವಕ್ಕನ ಮುಂದೆ ಬಟ್ಟಿಯ ವಿಷಯ ಮಾತಾಡುವಷ್ಟು ದೊಡ್ಡವರು ನಮ್ಮೂರಲ್ಲಿ ಯಾರೂ ಇರಲಿಲ್ಲ.

ಮಧ್ಯಾಹ್ನ ಊಟದ ಹೊತ್ತಿಗೆ ಇದ್ದಕ್ಕಿದ್ದಂತೆ ನೋವು ನಿಂತಿತು.

"ಈಗ ಅಷ್ಟ ಇಲ್ಲ ಯವ್ವ" ಎಂದು ಅಂಕಿತಾ ಕಣ್ಣು ಮುಚ್ಚಿದಳು. ವಿದ್ಯಾಶ್ರೀ ದೇವರ ಮುಂದೆ ದೀಪ ಹಚ್ಚಿದಳು. ಸಂತೆಪೇಟೆಯಲ್ಲಿ ಹಮಾಲಿ ಮಾಡುವ ಮಹಾದೇವಕ್ಕನ ಮಗ, ಅಂಕಿತಾಳ ಅಪ್ಪ ಫಕ್ಕೀರೇಶ ಊಟಕ್ಕೆ ಬಂದವನು ತಾಯಿಯನ್ನು ನೋಡಿ, "ನಮ್ಮವ್ವ ಅಂದ್ರ ಏನಂತ ತಿಳದೀರಿ!" ಎಂದು ನನ್ನ ಮುಂದೆ ಎದೆಯುಬ್ಬಿಸಿದ. ಮಹಾದೇವಕ್ಕ ಎಲೆಗೆ ಸುಣ್ಣ ಹಚ್ಚುತ್ತ, "ಬಟ್ಟಿ ಕುಂತತಿ, ಇನ್ನ ಹೆದರಿಕಿ ಇಲ್ಲ" ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿದಳು. ಹೇಳಿಬಿಟ್ಟಳು. ಆ ಒಂದು ಮಾತು ಹುಡುಗಿಯ ಜೀವಕ್ಕೇ ಬರುವುದರಲ್ಲಿತ್ತು. ಯಾಕೆಂದರೆ ಹೊಟ್ಟೆಯೊಳಗೆ ಬಾತುಕೊಂಡಿದ್ದದ್ದು ಆಗಲೇ ಒಡೆದಿತ್ತು, ನೋವು ನಿಂತದ್ದು ಅದಕ್ಕೆ. ನಮಗೆ ಅದು ತಿಳಿದದ್ದು ಆಮೇಲೆ.

ನಾನು ಸಂಜೆಗೆ ಕೊಡಬೇಕಾದ ಜಂಪರಿಗೆ ಗುಂಡಿಯ ಕಾಜಾ ಹಾಕಿ ಮುಗಿಸಿ ಮತ್ತೆ ಹೋದೆ. ಮಹಾದೇವಕ್ಕ ಒಬ್ಬಳೇ ಮೊಮ್ಮಗಳ ಹತ್ತಿರ ಕುಂತಿದ್ದಳು. ಬಾಯಲ್ಲಿ ಎಲೆ ಇತ್ತು, ಅಗಿಯುತ್ತಿರಲಿಲ್ಲ.

"ಜಯಶ್ರೀ, ಇಲ್ಲಿ ಬಾ. ಈಕಿ ಉಸಿರು ನೋಡು."

ಹುಡುಗಿ ಮೊಣಕಾಲು ಮಡಚಿ ಎದೆಗೆ ತಂದುಕೊಂಡು ಒಂದೇ ಮಗ್ಗುಲಿಗೆ ಬಿದ್ದಿದ್ದಳು. ಉಸಿರು ಮೇಲೆ ಮೇಲೆ, ನಾಯಿಮರಿಯ ಹಾಗೆ. ತುಟಿ ಒಣಗಿತ್ತು. ಹೊದಿಕೆ ಹೊಟ್ಟೆಗೆ ತಾಗಿದರೂ ಮುಖ ಕಿವುಚುತ್ತಿದ್ದಳು. ಮೈ ಮುಟ್ಟಿದರೆ ಕೈ ಸುಡುವಂತಿತ್ತು, ಗುಳಿಗೆಗೂ ಇಳಿದಿರಲಿಲ್ಲ. ಮಹಾದೇವಕ್ಕ ಹೂವಿನ ಮೇಲೆ ಇಟ್ಟ ಹಾಗೆ ಅಂಗೈಯನ್ನು ಹೊಟ್ಟೆಯ ಮೇಲೆ ಇಟ್ಟಳು, ಕೂಡಲೇ ತೆಗೆದಳು.

"ಹೊಟ್ಟಿ ಮಣಿ ಆದಂಗ ಆಗೈತಿ" ಎಂದಳು. ರೊಟ್ಟಿ ಬಡಿಯುವ ಕಟ್ಟಿಗೆಯ ಮಣೆ ಎಂದು ಅರ್ಥ. "ಇದು ಬಟ್ಟಿ ಅಲ್ಲ. ಏನೋ ಬ್ಯಾರೆ ಐತಿ. ಫಕ್ಕೀರಾ! ಏ ಫಕ್ಕೀರಾ! ಹುಡುಗೀನ್ನ ದವಾಖಾನಿಗೆ ಒಯ್ಯೂಣು ನಡಿ."

ಪಡಸಾಲೆಯಲ್ಲಿ ಅಡ್ಡಾಗಿದ್ದ ಫಕ್ಕೀರೇಶ ಎದ್ದು ಬಂದ. ಮಗಳನ್ನು ನೋಡಿದ. ತಾಯಿಯನ್ನು ನೋಡಿದ. ನಕ್ಕ.

"ಯವ್ವಾ, ನೀನ ಹೇಳಿದ್ಯಲ್ಲ, ಬಟ್ಟಿ ಕುಂತತಿ ಅಂತ?"

"ಹೇಳಿದ್ದೆ. ತಪ್ಪ್ ಹೇಳಿದ್ದೆ."

"ನೀ ತಪ್ಪ್ ಹೇಳಂಗಿಲ್ಲ. ಮೊಮ್ಮಗಳಂತ ಜೀವ ಹೆದರಾಕತ್ತತಿ ಅಷ್ಟ. ಮಲಗಲಿ ಬಿಡು. ನಾಳೆ ಮುಂಜಾನಿ ನೋಡೂಣು."

ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರೆ. ಇಲ್ಲಿ ಉಲ್ಟಾ ಆಗಿತ್ತು. ಮೂವತ್ತು ವರ್ಷ ಊರಿಗೆ ಊರೇ ನಂಬಿದ ಮಾತನ್ನು ಆಡಿದವಳೇ ಬೇಡವೆಂದರೂ ಮಗ ಬಿಡಲು ತಯಾರಿಲ್ಲ. ವಿದ್ಯಾಶ್ರೀ ಅಡುಗೆಮನೆಯಿಂದ ಬಂದು ಅತ್ತೆಯ ಕೈ ಹಿಡಿದಳು. "ಅತ್ತೀ, ಇದು ಹೆಣ್ಮಕ್ಕಳ ಬ್ಯಾನಿರಿ. ದವಾಖಾನಿಗೆ ಹೋದ್ರ ಯಾರ್ಯಾರೋ ಮುಟ್ಟತಾರ, ನೋಡತಾರ. ಒಂದ್ ದಿವಸ ತಡೀರಿ."

"ಹೆಣ್ಮಕ್ಕಳ ಬ್ಯಾನಿಗೆ ಮೈ ಹಿಂಗ ಕೆಂಡ ಆಗತೈತೇನು?" ಮಹಾದೇವಕ್ಕ ಸೊಸೆಯ ಕಡೆ ತಿರುಗಿದಳು. "ನಿನಗ ಆದಾಗ ಜ್ವರ ಬಂದಿತ್ತೇನು? ನನಗ ಬಂದಿತ್ತೇನು? ಜಯಶ್ರೀ, ನಿನಗ?"

ವಿದ್ಯಾಶ್ರೀ ಅತ್ತೆಯ ಕೈ ಬಿಟ್ಟಳು. ಫಕ್ಕೀರೇಶ ಮಾತ್ರ ಬಾಗಿಲಲ್ಲಿ ಅಡ್ಡ ನಿಂತೇ ಇದ್ದ. "ಮಂದಿ ಏನಂತಾರ ಯವ್ವ? ಊರ ಹೊಟ್ಟಿ ತಿಕ್ಕಾಕಿ ತನ್ನ ಮೊಮ್ಮಗಳನ್ನ ದವಾಖಾನಿಗೆ ಒಯ್ದಳಂತ ನಗತಾರ."

ಆಕೆ ಮಗನ ಮುಖ ನೋಡಿದಳು. ಆಮೇಲೆ ಬಾಗಿ ಮೊಮ್ಮಗಳನ್ನು ಎತ್ತಿಕೊಳ್ಳಲು ಹೋದಳು. ಅರವತ್ತು ದಾಟಿದ ಹೆಂಗಸು, ಬೆಳೆದ ಹುಡುಗಿಯನ್ನು ಎಲ್ಲಿ ಎತ್ತಿಯಾಳು? ಎರಡು ಹೆಜ್ಜೆಗೆ ಮೊಣಕಾಲು ಕುಸಿಯಿತು. ಹುಡುಗಿ ಚಿಟ್ಟನೆ ಚೀರಿದಳು. ಆ ಚೀರಾಟಕ್ಕೆ ಫಕ್ಕೀರೇಶನ ಮುಖದಲ್ಲಿದ್ದ ನಗು ಉದುರಿ ಬಿತ್ತು. ಬಂದು ಮಗಳನ್ನು ತಾನೇ ಎತ್ತಿಕೊಂಡ. ನಾನು ಅಷ್ಟರಲ್ಲಿ ತನ್ವೀರನಿಗೆ ಫೋನು ಹಚ್ಚಿದ್ದೆ. ಅವನು ಸವಣೂರಿಗೆ ಟಂಟಂ, ಅಂದರೆ ದೊಡ್ಡ ಆಟೋ, ಓಡಿಸುವವನು, ಸ್ಟೇಷನ್ ಮುಂದೆಯೇ ನಿಲ್ಲುತ್ತಾನೆ.

ಟಂಟಂ ಹೊರಟಿತು, ರೈಲ್ವೆ ಗೇಟಿಗೆ ಬಂದು ನಿಂತಿತು. ಗೇಟು ಬಿದ್ದಿತ್ತು. ಗೂಡ್ಸ್ ಗಾಡಿಯ ದಾರಿ ಕಾಯುತ್ತ ಎತ್ತಿನ ಬಂಡಿ, ಟ್ರ್ಯಾಕ್ಟರ್, ಬೈಕು ಎಲ್ಲ ಸಾಲು ಹಿಡಿದಿದ್ದವು. ತನ್ವೀರ ಸ್ಟೇರಿಂಗ್ ಮೇಲೆ ಬಡಿದ. "ಯಾ ಅಲ್ಲಾ, ಇವತ್ತ ಬೀಳಬೇಕಿತ್ತೇನು ಇದು!" ಹಿಂದಿನ ಸೀಟಿನಲ್ಲಿ ತಂದೆಯ ತೊಡೆಯ ಮೇಲೆ ಹುಡುಗಿ. ಅವಳಿಗೆ ಬಾಯಾರಿಕೆ. ವಿದ್ಯಾಶ್ರೀ ಬಾಟಲಿಯ ಮುಚ್ಚಳ ತೆಗೆದು ಬಾಯಿಗೆ ಹಿಡಿದಳು, ಎರಡು ಗುಟುಕು ಕುಡಿದದ್ದೂ ಹಸಿರು ಹಸಿರಾಗಿ ಹೊರಗೆ ಬಂತು. ಗೂಡ್ಸ್ ಗಾಡಿ ಬಂತು. ಮುಗಿಯದ ಡಬ್ಬಿಗಳು. ಮಹಾದೇವಕ್ಕನ ಗಂಡ ಆ ಹಳಿ ಕಾಯ್ದು ಮನೆ ನಡೆಸಿದವನು. ಹೆಂಡತಿ ಅದೇ ಹಳಿಯನ್ನು ಶಪಿಸುತ್ತ ಕುಂತಿದ್ದಳು.

ಗೇಟು ಎದ್ದ ಮೇಲೆ ರಸ್ತೆಯ ತಗ್ಗುಗಳು ಶುರುವಾದವು. ಚಕ್ರ ತಗ್ಗಿಗಿಳಿದಾಗಲೆಲ್ಲ ಹುಡುಗಿ "ಯವ್ವಾ" ಎಂದು ಹಲ್ಲು ಕಚ್ಚುತ್ತಿದ್ದಳು. ತನ್ವೀರ ಸಾವಕಾಶ ಹೋದರೆ ತಡ, ಜೋರು ಹೋದರೆ ನೋವು. "ಹೆಂಗ ಹೋಗ್ಲಿರಿ ಮಹಾದೇವಕ್ಕಾರ, ನೀವ ಹೇಳ್ರಿ" ಎಂದ ಅವನು, ಅಳುವುದೊಂದು ಬಾಕಿ.

"ಜೋರ ಹೋಗಪ್ಪ" ಎಂದಳು ಆಕೆ. "ನೋಯಲಿ. ಹೋಗು."

ಸವಣೂರಿನ ದವಾಖಾನೆಯಲ್ಲಿ ಮಂದಿ ಬಹಳ ಇತ್ತು. ಆದರೂ ಹುಡುಗಿಯನ್ನು ನೋಡಿದ ನರ್ಸಬಾಯಿ ನೇರ ಒಳಗೆ ಕರೆದಳು. ಡಾಕ್ಟರು ವಯಸ್ಸಿನಲ್ಲಿ ಚಿಕ್ಕ ಹೆಣ್ಣುಮಗಳು. ಜ್ವರ ನೋಡಿದಳು, ನಾಡಿ ನೋಡಿದಳು, ಕೇಳತೊಡಗಿದಳು. ನೋವು ಯಾವಾಗ ಬಂತು? ವಾಂತಿ ಎಷ್ಟು ಸಲ? ಉಚ್ಚೆ ಹೋಗುವಾಗ ಉರಿಯುತ್ತದೆಯೇ? ಭೇದಿ? ಊರಲ್ಲಿ ಯಾರಿಗಾದರೂ ಟೈಫಾಯ್ಡ್ ಇದೆಯೇ?

"ಈಗ ನೋವು ಹೆಂಗೈತಿ ಪುಟ್ಟಿ?"

"ಮುಂಜಾನಿಗಿಂತ ಕಡಿಮಿ ಐತ್ರಿ" ಎಂದಿತು ಹುಡುಗಿ, ಬಾಯೊಳಗೇ.

"ಮನಿಯಾಗ ಏನಾರ ಕೊಟ್ಟೀರೇನು? ಹೊಟ್ಟಿ ತಿಕ್ಕಿಸಿದ್ದು, ಹರಳೆಣ್ಣಿ ಕುಡಿಸಿದ್ದು, ನಾಟಿ ಔಷಧ?"

"ಇಲ್ರೀ" ಎಂದಳು ವಿದ್ಯಾಶ್ರೀ ಥಟ್ಟನೆ. "ಜ್ವರದ ಗುಳಿಗಿ ಅಷ್ಟರಿ." ಫಕ್ಕೀರೇಶ ತಲೆಯಾಡಿಸಿದ. ಅವರನ್ನು ನಾನು ಬೈಯಲಾರೆ. ಪರದೆಯ ಆಚೆ ಬೆಂಚಿನ ಮೇಲೆ ನಮ್ಮ ಊರಿನವರೇ ಕುಂತಿದ್ದರು. ಅತ್ತೆಯ ಮಾನ ಸೊಸೆಯ ಬಾಯಲ್ಲಿತ್ತು.

ಡಾಕ್ಟರು ಚೀಟಿ ಬರೆಯುತ್ತ, "ಈ ಕಡೆ ಟೈಫಾಯ್ಡ್ ಬಾಳ ಬರಾಕತ್ತಾವು. ಉಚ್ಚಿ ಸೋಂಕಿನಿಂದನೂ ಹಿಂಗ ಆಗತೈತಿ. ನೋವು ಕಡಿಮಿ ಆಗೈತಿ ಅಂದ್ರ ಮೊದಲ ರಕ್ತ, ಉಚ್ಚಿ ಪರೀಕ್ಷಾ ಮಾಡೂಣು. ಸಲಾಯಿನ್ ಹಚ್ಚಿ ಮಲಗಸ್ರಿ, ಆಮ್ಯಾಲ ಮತ್ತ ನೋಡ್ತೇನಿ" ಎಂದಳು.

ನಾನು ಮಹಾದೇವಕ್ಕನನ್ನು ನೋಡಿದೆ. ಗೋಡೆಗೆ ಆತು ನಿಂತಿದ್ದಳು. ಎರಡೂ ಕೈಯನ್ನು ಸೆರಗಿನೊಳಗೆ ಸುತ್ತಿಟ್ಟುಕೊಂಡಿದ್ದಳು. ಬಾಯಿ ಬಿಟ್ಟರೆ ಮೂವತ್ತು ವರ್ಷದ ಹೆಸರು ಹೋಯಿತು. ಬಿಡದಿದ್ದರೆ ಹುಡುಗಿ ಇಲ್ಲಿ ಪರೀಕ್ಷೆಗಾಗಿ ಕಾಯುತ್ತ ಮಲಗಬೇಕು.

"ಡಾಕ್ಟರಬಾಯಾರ" ಎಂದಳು. "ಇವರು ಸುಳ್ಳ ಹೇಳಾಕತ್ತಾರ್ರಿ. ನಾ ತಿಕ್ಕೇನ್ರಿ ಈ ಹೊಟ್ಟೀನ."

ಡಾಕ್ಟರ ಪೆನ್ನು ನಿಂತಿತು.

"ಸೋಮವಾರ ತಿಕ್ಕೇನಿ, ಇವತ್ತ ಮುಂಜಾನಿ ಮತ್ತ ತಿಕ್ಕೇನಿ. ಮೊದಲ ಹೊಕ್ಕಳ ಸುತ್ತ ಇತ್ರಿ ನೋವು, ಆಮ್ಯಾಲ ಬಲಕ್ಕ ಇಳೀತು. ಬಲಕ್ಕ ಒಂದು ಗಂಟು ಕೈಗೆ ಹತ್ತಿತ್ತು. ಅದನ್ನ ನಾ ಜೋರ್ಲೆ ನೂಕೇನ್ರಿ. ಹುಡುಗಿ ಬ್ಯಾಡ ಬ್ಯಾಡ ಅಂತ ಕೈ ಹಿಡೀತು, ನಾ ಬಿಡಲಿಲ್ಲ. ಮಧ್ಯಾಹ್ನ ನೋವು ಒಮ್ಮಿಗಲೆ ನಿಂತಬಿಡ್ತು. ನಾ ಗುಣ ಆತು ಅಂದೆ. ಈಗ ಹೊಟ್ಟಿ ಮಣಿ ಆಗೈತಿ."

ಪರದೆಯ ಆಚೆ ಬೆಂಚಿನ ಮೇಲಿದ್ದ ನಮ್ಮೂರಿನ ಶಂಕ್ರಪ್ಪ ಇಣುಕಿ, "ಸಾವಕಾಶ ಮಾತಾಡ ಮಹಾದೇವಕ್ಕ, ಮಂದಿ ಕೇಳಾಕತ್ತೈತಿ" ಎಂದ. ಅವನ ಮನೆಮಂದಿಯೆಲ್ಲ ಆಕೆಯ ಕೈಯಲ್ಲಿ ತಿಕ್ಕಿಸಿಕೊಂಡವರು.

"ಕೇಳ್ಲಿ" ಎಂದಳು ಆಕೆ.

ಡಾಕ್ಟರು ಚೀಟಿ ಬದಿಗಿಟ್ಟು ಎದ್ದಳು. "ಒಮ್ಮೆ ಕೆಮ್ಮು ನೋಡೂಣು ಪುಟ್ಟಿ" ಎಂದಳು. ಅಂಕಿತಾ ಕೆಮ್ಮಲು ಹೋಗಿ ಅರ್ಧಕ್ಕೇ ನಿಲ್ಲಿಸಿ ಕಣ್ಣೀರು ಹಾಕಿದಳು. ಡಾಕ್ಟರು ಹೊಟ್ಟೆಯ ಎಡಗಡೆ ಸಾವಕಾಶ ಒತ್ತಿ ಬಿಟ್ಟಳು, ಹುಡುಗಿ ಬಲಗಡೆ ಹಿಡಿದುಕೊಂಡು ಚೀರಿದಳು. ಡಾಕ್ಟರು ನರ್ಸಿಗೆ, "ನೂರಾಎಂಟಕ್ಕ ಫೋನ್ ಹಚ್ರಿ, ಈಗಿಂದೀಗ. ಹಾವೇರಿ ಸರ್ಜನ್ರಿಗೆ ನಾ ಹೇಳ್ತೇನಿ" ಎಂದಳು. ಆಮೇಲೆ ನಮ್ಮ ಕಡೆ ತಿರುಗಿದಳು.

"ಇದು ಅಪೆಂಡಿಕ್ಸ್. ಕರಳಿಗೆ ಅಂಟಿಕೊಂಡಿರೂ ಒಂದು ಸಣ್ಣ ಬಾಲ. ಅದು ಬಾತು ಒಡದಿರಬೇಕು. ಒಡದ ಕೂಡಲೇ ಒಂದಿಷ್ಟು ಹೊತ್ತು ನೋವು ಕಡಿಮಿ ಆಗತೈತಿ, ಮಂದಿ ಗುಣ ಆತು ಅಂತ ಮಲಗಿಸಿಬಿಡ್ತಾರ. ಆದ್ರ ಒಳಗ ಕೀವು ಹೊಟ್ಟಿ ತುಂಬ ಹರಡಾಕತ್ತಿರತೈತಿ. ಆಪರೇಷನ್ ಆಗಬೇಕು. ಅಲ್ಲೀತನಕ ಬಾಯಿಗೆ ನೀರೂ ಹಾಕಬ್ಯಾಡ್ರಿ."

ವಿದ್ಯಾಶ್ರೀ ಕೈಯಲ್ಲಿದ್ದ ನೀರಿನ ಬಾಟಲಿಯನ್ನು ಹಿಂದಕ್ಕೆ ಮುಚ್ಚಿಟ್ಟುಕೊಂಡಳು. ಮಹಾದೇವಕ್ಕ ಒಂದೇ ಕೇಳಿದಳು, "ನಾ ತಿಕ್ಕಿದ್ದಕ್ಕ ಒಡೀತೇನ್ರಿ?"

ಡಾಕ್ಟರು ಸುಳ್ಳು ಸಮಾಧಾನ ಹೇಳಲಿಲ್ಲ. "ತಿಕ್ಕದಿದ್ರೂ ಒಡೀತಿತ್ತೇನೋ, ಹೇಳಾಕ ಬರಂಗಿಲ್ಲ. ಆದ್ರ ಹೊಟ್ಟಿನೋವಿನ ಜೋಡಿ ಜ್ವರ ಇದ್ರ ಆ ಹೊಟ್ಟಿ ತಿಕ್ಕಬಾರದು ಅಜ್ಜಿ. ನೋವು ಹೆಚ್ಚಾಗಕೋತ ಹೊಂಟ್ರ, ಒಂದ ಕಡೆ ಇಳದ್ರ, ವಾಂತಿ ನಿಲ್ಲಲಿಲ್ಲಂದ್ರ, ಹೊಟ್ಟಿ ಬಿರುಸ ಆದ್ರ ಮರುದಿನದ ತನಕ ಕಾಯಬಾರದು. ನೀವು ಹೇಳಿದ್ದು ಚೊಲೋ ಆತು. ಹೇಳದಿದ್ರ ನಾ ಪರೀಕ್ಷಾ ಬರೂತನಕ ಕಾಯ್ತಿದ್ದೆ."

ಅಂಬುಲೆನ್ಸಿನಲ್ಲಿ ಹಾವೇರಿಯ ದೊಡ್ಡ ದವಾಖಾನೆ ಮುಟ್ಟಿದೆವು. ಹುಡುಗಿಯನ್ನು ಆಪರೇಷನ್ ಕೋಣೆಗೆ ಒಯ್ದಾಗ ಹೊರಗೆ ಇನ್ನೂ ಬೆಳಕಿತ್ತು. ಬಾಗಿಲ ಮುಂದೆ ಫಕ್ಕೀರೇಶ ಅತ್ತ ಇತ್ತ ತಿರುಗಾಡಿದ, ವಿದ್ಯಾಶ್ರೀ ಮೂಗು ಒರೆಸಿಕೊಳ್ಳುತ್ತ ಕುಂತಳು. ದುಂಡಸಿಯಿಂದ ಅವಳ ಅಣ್ಣನ ಫೋನು ಬಂತು, ಸೀರೆ ಯಾವ ಬಣ್ಣದ್ದು ತರಲಿ ಎಂದು. ಅವಳು ಫೋನನ್ನು ನನ್ನ ಕೈಗೆ ಕೊಟ್ಟುಬಿಟ್ಟಳು. ಮಹಾದೇವಕ್ಕ ಬೆಂಚಿನ ಮೇಲೆ ಕೂರಲಿಲ್ಲ, ನೆಲಕ್ಕೆ ಕುಂತಳು. ಚಹಾ ಕೊಟ್ಟರೆ ಮುಟ್ಟಲಿಲ್ಲ.

"ಜಯಶ್ರೀ, ನನ್ನ ಕೈಗೆ ಮುಂಜಾನಿನ ಗೊತ್ತಾಗಿತ್ತು. ಹೊಟ್ಟಿ ಸುಡತಿತ್ತು. ಬಟ್ಟಿ ಸರದ ಹೊಟ್ಟಿ ಸುಡಂಗಿಲ್ಲ. ಗೊತ್ತಾಗಿಯೂ ತಿಕ್ಕೇನಿ. ನನ್ನ ಕೈ ತಪ್ಪಂಗಿಲ್ಲ ಅಂತ ಊರ ಮಂದಿ ಅಂದ್ರು, ಮಂದಿ ಜೋಡಿ ನಾನೂ ನಂಬಿದೆ" ಎಂದಳು. ಆಕೆಯ ಮಗ್ಗುಲಿಗೆ ನಾನೂ ನೆಲಕ್ಕೆ ಕುಂತೆ.

ಬಾಗಿಲು ತೆರೆದಾಗ ಆಕೆ ಗೋಡೆ ಹಿಡಿದು ಎದ್ದಳು. ಸರ್ಜನ್ನರು ಟೋಪಿ ತೆಗೆಯುತ್ತ, ಹೊಟ್ಟೆ ತೊಳೆದಿದ್ದೇವೆ, ಕೀವು ಬಹಳ ಇತ್ತು, ಸಣ್ಣ ಗಾಯಕ್ಕೆ ಮುಗಿಯಲಿಲ್ಲ, ದೊಡ್ಡದಾಗಿಯೇ ಕೊಯ್ಯಬೇಕಾಯಿತು ಎಂದರು. "ಜೀವಕ್ಕ ಏನೂ ಆಗಂಗಿಲ್ಲ ಅಂತ ನಾಡಿದ್ದ ಹೇಳ್ತೇನಿ. ನಾಳಿತನಕ ಮನಿಯಾಗ ಇಟ್ಟಿದ್ರ ಏನೂ ಹೇಳಾಕ ಆಗ್ತಿರಲಿಲ್ಲ." ಫಕ್ಕೀರೇಶ ಗೋಡೆಗೆ ಮುಖ ಮಾಡಿ ಬಿಕ್ಕಿ ಬಿಕ್ಕಿ ಅತ್ತ. ಬಾಗಿಲಲ್ಲಿ ಅಡ್ಡ ನಿಂತು ಅವನು ಹೇಳಿದ್ದು ಅದೇ ಮಾತು ತಾನೆ, ನಾಳೆ ಮುಂಜಾನೆ ಎಂದು.

ನಾಡಿದ್ದು ಬಂತು, ಹೋಯಿತು. ಹುಡುಗಿ ಉಳಿದಳು. ವಾರ್ಡಿನಲ್ಲಿ ಬಹಳ ದಿನ ಇರಬೇಕಾಯಿತು, ನಡುವೆ ಗಾಯ ಸೋರಿ ಮತ್ತೆ ಹೆದರಿಸಿತು. ಮನೆಗೆ ಬಂದಾಗ ಅರ್ಧ ಆಗಿದ್ದಳು. ಈಗ ಮತ್ತೆ ಓಣಿಯಲ್ಲಿ ಅವಳ ದನಿಯೇ ಎಲ್ಲರಿಗಿಂತ ಮೇಲೆ.

ಇಷ್ಟಾದ ಮೇಲೆ ಮಂದಿ ಬರುವುದು ನಿಲ್ಲುತ್ತದೆ ಎಂದು ಮಹಾದೇವಕ್ಕ ಎಣಿಸಿದ್ದಳು, ನಾನೂ ಎಣಿಸಿದ್ದೆ. ನಿಲ್ಲಲಿಲ್ಲ! ಮಂದಿಯ ತಲೆಗೆ ಏನು ಹೇಳುವುದು? "ಆಕಿ ಕೈಯಾಗ ಗುಣ ಆಗಿತ್ತು, ಸೂಜಿಯವರು ಸುಮ್ನ ಕೊಯ್ದ್ರು" ಎಂದು ಶಂಕ್ರಪ್ಪನೇ ಕಟ್ಟೆಯ ಮೇಲೆ ಕುಂತು ಕಥೆ ಕಟ್ಟಿದ. ದವಾಖಾನೆಯಲ್ಲಿ ಕಿವಿಯಾರೆ ಕೇಳಿ ಬಂದವನು! ನಾನು ಕತ್ತರಿ ಹಿಡಿದುಕೊಂಡೇ ಹೋಗಿ ಅವನಿಗೆ ಬೈದು ಬಂದೆ. ಬೈದರೂ ಅಷ್ಟೇ, ಬಿಟ್ಟರೂ ಅಷ್ಟೇ.

ಈಗ ಆಕೆ ಬಂದವರ ಹಣೆಯನ್ನು ಮೊದಲು ಮುಟ್ಟುತ್ತಾಳೆ. ತಣ್ಣಗಿದ್ದು ಬರಿ ವಾಯುವೋ ಭಾರ ಎತ್ತಿದ ಉಳುಕೋ ಎನಿಸಿದರೂ ತಿಕ್ಕುವುದಿಲ್ಲ, ಬಿಸಿನೀರು ಕುಡಿಯಿರಿ, ನಾಳೆಗೆ ಹೋಗದಿದ್ದರೆ ತೋರಿಸಿರಿ ಎನ್ನುತ್ತಾಳೆ. ಹಣೆ ಬಿಸಿ ಇದ್ದರೆ ಕೂರಿಸುವುದೂ ಇಲ್ಲ, ತನ್ವೀರನ ಹೆಸರು ಹಿಡಿದು ಕೂಗುತ್ತಾಳೆ. ಹೀಗೆ ಕಳಿಸಿದವರಲ್ಲಿ ಒಬ್ಬಳಿಗೆ ಟೈಫಾಯ್ಡ್ ಸಿಕ್ಕಿತು, ಒಬ್ಬನಿಗೆ ಮೂತ್ರಪಿಂಡದಲ್ಲಿ ಕಲ್ಲು ಸಿಕ್ಕಿಕೊಂಡು ಕೀವಾಗಿತ್ತು, ಇನ್ನಿಬ್ಬರಿಗೆ ಏನೂ ಇರಲಿಲ್ಲ, ಹಳಸಿದ ಊಟ ಉಂಡಿದ್ದರು. ಸುಳ್ಳೇ ಓಡಿಸಿದಳು ಎಂದು ಆ ಇಬ್ಬರು ಇವತ್ತಿಗೂ ಗೊಣಗುತ್ತಾರೆ.

ಮೊನ್ನೆ ಕರಜಗಿಯ ಹೆಣ್ಣುಮಗಳೊಬ್ಬಳು ಮುಂಜಾನೆಯ ಗಾಡಿಗೆ ಇಳಿದು ಬಂದಳು. ಬಗಲಲ್ಲಿ ಐದಾರು ವರ್ಷದ ಹುಡುಗ, ಹೊಟ್ಟೆ ಹಿಡಿದುಕೊಂಡು ಮುದುಡಿದ್ದ. ಮಹಾದೇವಕ್ಕ ಹಣೆಗೆ ಹಿಂಗೈ ಇಟ್ಟಳು.

"ಜ್ವರ ಐತಿ. ಯಾವಾಗಿಂದ?"

"ನಿನ್ನಿಯಿಂದರಿ. ವಾಂತೀನೂ ಆಗಾಕತ್ತೈತ್ರಿ."

"ನ್ಯಾರ ಸವಣೂರಿಗೆ ಒಯ್ಯಿ ತಂಗಿ. ನಾ ಮುಟ್ಟಂಗಿಲ್ಲ."

ಆಕೆ ಕಾಲು ಹಿಡಿಯಲು ಬಂದಳು. "ಹಂಗ ಅನಬ್ಯಾಡ್ರಿ ಯವ್ವ. ದೂರದಿಂದ ನಿಮ್ಮ ಕೈಗುಣ ಕೇಳಿಕೊಂಡು ಬಂದೇನ್ರಿ. ಒಂದ ಸಲ ಕೈ ಆಡಸ್ರಿ, ಗುಣ ಆಗತೈತಿ. ನಿಮ್ಮ ಕೈಗುಣ ಸುತ್ತ ಊರಿಗೆಲ್ಲ ಗೊತ್ತೈತ್ರಿ."

ನಾನು ಬಾಗಿಲಲ್ಲಿ ನಿಂತಿದ್ದೆ. ಮಹಾದೇವಕ್ಕ ಒಳಗೆ ತಿರುಗಿ ಮೊಮ್ಮಗಳ ಕಡೆ ನೋಡಿದಳು. ಶಾಲೆಗೆ ಹೊರಟು ನಿಂತಿದ್ದ ಅಂಕಿತಾ ಪಾಟಿಚೀಲ ಕೆಳಗಿಟ್ಟು ಬಂದು, ಆ ಹೆಣ್ಣುಮಗಳ ಮುಂದೆ ನಿಂತು, ಅಂಗಿಯ ಅಂಚನ್ನು ಹೊಕ್ಕಳ ತನಕ ತಾನೇ ಎತ್ತಿದಳು. ಹೊಟ್ಟೆಯ ನಡುವೆ ಹೊಕ್ಕಳ ಬದಿಯಿಂದ ಕೆಳಗೆ ಇಳಿದ ಗಾಯದ ಗುರುತು. ಇನ್ನೂ ಕೆಂಪಗಿದೆ, ಎರಡೂ ಬದಿಗೆ ಹೊಲಿಗೆಯ ಚುಕ್ಕೆಗಳು.

"ನೋಡಿದೇನವ್ವ?" ಎಂದಳು ಮಹಾದೇವಕ್ಕ. "ಇದ ನನ್ನ ಕೈಗುಣ."

ಆ ಹೆಣ್ಣುಮಗಳು ಮಗನನ್ನು ಬಗಲಿಗೆ ಎಳೆದುಕೊಂಡು ತನ್ವೀರನ ಟಂಟಂ ಕಡೆಗೆ ಓಡಿದಳು.